ಮಕ್ಕಳ ಆಟ, ಹಿರಿಯರ ನಡತೆ

(ಬೀದರ, ಭಾಲ್ಕಿ ಮತ್ತು ಔರಾದ ಕಡೆಯ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಮಳೆಗಾಲ ಬಂತೆಂದರೆ ನಮ್ಮ ಭಾಗದಲ್ಲಿ ಎರಡು ಕೆಲಸ ಕೂಡಿಯೇ ಬರುತ್ತವೆ. ಹೊಲದಲ್ಲಿ ಕಳೆ ತೆಗೆಯುವುದು, ಎಡೆ ಹೊಡೆಯುವುದು ಒಂದು. ಶಾಲೆಯ ಮಕ್ಕಳ ಆಟೋಟದ ಪಂದ್ಯಗಳು ಇನ್ನೊಂದು. ಹಳ್ಳಿಯ ಶಾಲೆಯಲ್ಲಿ ಆಡಿದ ಹುಡುಗ ವಲಯಕ್ಕೆ ಹೋಗುತ್ತಾನೆ. ವಲಯದಲ್ಲಿ ಗೆದ್ದರೆ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಕಲಬುರಗಿ ವಿಭಾಗಕ್ಕೆ, ಆಮೇಲೆ ರಾಜ್ಯಕ್ಕೆ. ಔರಾದದ ಮೂಲೆಯ ಹಳ್ಳಿಯ ಹುಡುಗಿಯೂ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬೀದರದ ನೆಹರೂ ಕ್ರೀಡಾಂಗಣದ ವರೆಗೆ, ಅದರಾಚೆಗೂ ಹೋಗಬಹುದು.

ಮಕ್ಕಳು ಹೇಗೆ ಆಡಬೇಕೆಂದು ಹೇಳಲು ನಾನಿಲ್ಲಿ ಬಂದಿಲ್ಲ. ಅದನ್ನು ಕಲಿಸಲು ದೈಹಿಕ ಶಿಕ್ಷಣದ ಮಾಸ್ತರರಿದ್ದಾರೆ. ಸುಣ್ಣದ ಗೆರೆಯ ಹೊರಗೆ ನಿಂತು ನೋಡುವ ನಾವು, ಅಂದರೆ ತಂದೆತಾಯಿಗಳು, ಹೇಗಿರಬೇಕು ಎಂಬುದಷ್ಟೇ ಇಂದಿನ ನನ್ನ ಮಾತು. ಇದು ಚಿಕ್ಕ ವಿಷಯವೆಂದು ನಿಮಗೆ ಅನ್ನಿಸಬಹುದು. ನನಗೂ ಒಂದು ಕಾಲಕ್ಕೆ ಹಾಗೆಯೇ ಅನ್ನಿಸಿತ್ತು. ನನ್ನ ಮಗಳು ನನಗೆ ಬುದ್ಧಿ ಕಲಿಸಿದಳು. ಆ ಕಥೆಯನ್ನೇ ಮೊದಲು ಹೇಳುತ್ತೇನೆ.

ನನ್ನ ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಮಗಳು ಆಗ ಏಳನೆಯ ಇಯತ್ತೆಯಲ್ಲಿದ್ದಳು. ಖೋ ಖೋ ಆಟದಲ್ಲಿ ಚುರುಕು. ಅವಳ ತಂಡ ತಾಲ್ಲೂಕಿನ ಪಂದ್ಯಕ್ಕೆ ಬಂದಿತ್ತು. ನಾನು ಹೊಲದ ಕೆಲಸ ಬಿಟ್ಟು, ನಾಲ್ಕು ಮಂದಿ ಗೆಳೆಯರನ್ನು ಕಟ್ಟಿಕೊಂಡು ನೋಡಲು ಹೋದೆ.

ಖೋ ಖೋ ನಿಮಗೆಲ್ಲ ಗೊತ್ತಿದ್ದ ಆಟವೇ. ಬೆನ್ನಟ್ಟುವ ತಂಡದ ಎಂಟು ಮಂದಿ ನಡುವಿನ ಸಾಲಿನಲ್ಲಿ, ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖ ಮಾಡಿ ಕೂಡುತ್ತಾರೆ. ಒಂಬತ್ತನೆಯವಳು ಓಡುವವರನ್ನು ಬೆನ್ನಟ್ಟುತ್ತಾಳೆ. ಅವಳು ಕೂತವಳ ಹಿಂದೆ ಬಂದು, ಬೆನ್ನು ಮುಟ್ಟಿ, ‘ಖೋ’ ಎಂದು ಗಟ್ಟಿಯಾಗಿ ಹೇಳಿದ ಮೇಲೆಯೇ ಕೂತವಳು ಏಳಬೇಕು. ಅದಕ್ಕಿಂತ ಮೊದಲು ಎದ್ದರೆ ತಪ್ಪು. ಕೂತವಳಿಗೆ ಬೆನ್ನ ಹಿಂದೆ ಏನು ನಡೆದಿದೆ ಎಂಬುದು ಕಾಣುವುದಿಲ್ಲ. ಅವಳು ಕಿವಿಯನ್ನೂ ಬೆನ್ನ ಮೇಲಿನ ಕೈಯನ್ನೂ ನಂಬಿ ಕೂತಿರುತ್ತಾಳೆ.

ಪಂದ್ಯ ಕೊನೆಗೆ ಬಂದಿತ್ತು. ಎದುರು ತಂಡದ ಓಟಗಾರ್ತಿ ನನ್ನ ಮಗಳ ಮುಂದೆಯೇ ಹಾದಳು. ನನಗೆ ತಡೆಯಲಾಗಲಿಲ್ಲ. ಗೆರೆಯ ಮೇಲೆಯೇ ನಿಂತು “ಏಳ! ಏಳ! ಹಿಡಿ!” ಎಂದು ಒದರಿದೆ. ಅವಳು ಎದ್ದೇಬಿಟ್ಟಳು. ಖೋ ಇನ್ನೂ ಬಂದಿರಲಿಲ್ಲ. ತೀರ್ಪುಗಾರರು ಸೀಟಿ ಊದಿದರು. ಸಿಕ್ಕೇ ಸಿಗುವಂತಿದ್ದ ಓಟಗಾರ್ತಿ ಪಾರಾದಳು. ಪಂದ್ಯ ಕೈಬಿಟ್ಟಿತು.

ಅಷ್ಟಕ್ಕೇ ಸುಮ್ಮನಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಆಟ ಮುಗಿದು ಅವಳು ಹೊರಗೆ ಬಂದಾಗ, ಅವಳ ಗೆಳತಿಯರ ಮುಂದೆ, ನನ್ನ ಗೆಳೆಯರ ಮುಂದೆ, “ಇಷ್ಟೂ ತಿಳಿಯಂಗಿಲ್ಲೇನು ನಿನಗ?” ಎಂದುಬಿಟ್ಟೆ. ಅವಳು ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ನೀರು ತುಂಬುವಾಗ, ನನ್ನ ಕಡೆ ನೋಡದೆಯೇ ಹೇಳಿದಳು: “ಅಪ್ಪಾ, ಮುಂದಿನ ಸಲ ಆಟಕ್ಕ ನೀ ಬರಬ್ಯಾಡ.”

ನಾನು ಬಹಳ ಹೊತ್ತು ಯೋಚಿಸಿದೆ. ಅವಳು ಏಕೆ ಎದ್ದಳು? ಆಟ ತಿಳಿಯದೆ ಎದ್ದಳೇ? ಅಲ್ಲ. ನಡೆಯಲು ಕಲಿತಾಗಿನಿಂದ ಯಾವ ದನಿ ‘ಏಳು’ ಎಂದರೆ ಎದ್ದು ಬಂದಿದ್ದಳೋ, ಅದೇ ದನಿ ಅವಳ ಕಿವಿಗೆ ಬಿತ್ತು. ಮಾಸ್ತರರು ತಿಂಗಳುಗಟ್ಟಲೆ ಕಲಿಸಿದ್ದನ್ನು ನನ್ನ ಒಂದು ಕೂಗು ಕೆಡಿಸಿತು. ತಪ್ಪು ಮಾಡಿದವನು ನಾನು, ಬೈಸಿಕೊಂಡವಳು ಅವಳು.

ಹೇಳುವವರು ಒಬ್ಬರೇ ಇರಲಿ

ಹೊಸ ಹೋರಿಯನ್ನು ನೊಗಕ್ಕೆ ಹೂಡಿ ಪಳಗಿಸುವುದನ್ನು ನೀವು ಬಲ್ಲಿರಿ. ಒಬ್ಬನು ಹಗ್ಗ ಹಿಡಿದು ‘ಈ ಕಡೆ’ ಎಂದು ಎಳೆದು, ಇನ್ನೊಬ್ಬನು ಬದುವಿನ ಮೇಲೆ ನಿಂತು ‘ಆ ಕಡೆ’ ಎಂದು ಕೂಗಿದರೆ ಹೋರಿ ಏನು ಮಾಡುತ್ತದೆ? ನಡುವೆ ನಿಂತುಬಿಡುತ್ತದೆ. ಇಲ್ಲವೆ ಬೆದರಿ ಸಾಲು ಬಿಟ್ಟು ಓಡುತ್ತದೆ. ಪಶುವಿಗೇ ಹೀಗಾಗುವಾಗ ಹನ್ನೆರಡು ವರ್ಷದ ಕೂಸಿಗೆ ಹೇಗಾಗಬೇಡ?

ಮೈದಾನದಲ್ಲಿ ಮಗುವಿಗೆ ಹೇಳುವವರು ಒಬ್ಬರೇ ಇರಬೇಕು. ಅವರೇ ಅದರ ಮಾಸ್ತರರು. ಕಬಡ್ಡಿಯಲ್ಲಿ ದಾಳಿಗೆ ಹೋದ ಹುಡುಗನಿಗೆ ಇರುವುದು 30 ಸೆಕೆಂಡು. ಅಷ್ಟರಲ್ಲಿ ಅವನು ಉಸಿರು ಕಾಯಬೇಕು, ಎದುರಿಗಿರುವ ಏಳು ಮಂದಿಯನ್ನು ಕಣ್ಣಿನಲ್ಲಿ ಹಿಡಿಯಬೇಕು, ಹಿಂದಿರುಗುವ ಗೆರೆಯನ್ನು ನೆನಪಿಡಬೇಕು. ಆ ಹೊತ್ತಿಗೆ ಅಪ್ಪ ‘ಮುಂದಕ್ಕ ಹೋಗು’ ಎಂದು, ಕಾಕಾ ‘ಹಿಂದಕ್ಕ ಬಾ’ ಎಂದು ಕೂಗಿದರೆ ಅವನು ಯಾರ ಮಾತು ಕೇಳಬೇಕು? ಕೇಳಿದರೂ ಸಿಕ್ಕಿಬೀಳುತ್ತಾನೆ, ಕೇಳದಿದ್ದರೆ ಮನೆಯಲ್ಲಿ ಬೈಸಿಕೊಳ್ಳುತ್ತಾನೆ.

ಹಾಗಾದರೆ ಬಾಯಿ ಮುಚ್ಚಿ ಕಂಬದಂತೆ ನಿಲ್ಲಬೇಕೇ ಎಂದು ನೀವು ಕೇಳಬಹುದು. ಅದೇನೂ ಬೇಡ. ಚಪ್ಪಾಳೆ ತಟ್ಟಿರಿ. ‘ಶಾಬಾಸ್’ ಎನ್ನಿರಿ. ಒಳ್ಳೆಯ ಹಿಡಿತ ಕಂಡರೆ, ಒಳ್ಳೆಯ ಓಟ ಕಂಡರೆ ಮೆಚ್ಚಿರಿ. ಆದರೆ ‘ಹೀಗೆ ಮಾಡು, ಹಾಗೆ ಮಾಡು’ ಎಂಬ ಹುಕುಂ ಬೇಡ. ಮೆಚ್ಚುಗೆಗೂ ಹುಕುಮಿಗೂ ಇರುವ ವ್ಯತ್ಯಾಸ ಇಷ್ಟೇ: ಮೆಚ್ಚುಗೆಯು ಆಟ ಆದ ಮೇಲೆ ಬರುತ್ತದೆ, ಹುಕುಮು ಆಟದ ನಡುವೆ ನುಗ್ಗುತ್ತದೆ.

ಆಡುವ ಮಗು ಒಂದಲ್ಲ ಒಂದು ಸಲ ನಮ್ಮ ಕಡೆ ತಿರುಗಿ ನೋಡುತ್ತದೆ. ಬಿದ್ದಾಗ ನೋಡುತ್ತದೆ, ಔಟಾದಾಗ ನೋಡುತ್ತದೆ. ಆ ಒಂದು ನೋಟಕ್ಕೆ ನಮ್ಮ ಮುಖದಲ್ಲಿ ಏನು ಕಾಣಿಸುತ್ತದೆ ಎಂಬುದೇ ದೊಡ್ಡ ಮಾತು. ಧೈರ್ಯ ಕಂಡರೆ ಮಗು ಎದ್ದು ಮತ್ತೆ ಆಡುತ್ತದೆ. ಸಿಟ್ಟು ಕಂಡರೆ ಮುಂದೆ ನಮ್ಮ ಕಡೆ ನೋಡುವುದನ್ನೇ ಬಿಡುತ್ತದೆ. ಆಟದಲ್ಲಿ ನೋಡುವುದನ್ನು ಬಿಟ್ಟ ಮಗು ಬಾಳಿನಲ್ಲಿಯೂ ತನ್ನ ಕಷ್ಟವನ್ನು ನಮಗೆ ಹೇಳುವುದನ್ನು ಬಿಡುತ್ತದೆ. ನಾನು ಹೆದರಿದ್ದು ಇದಕ್ಕೇ.

ತೀರ್ಪು ತೀರ್ಪುಗಾರರದು

ತಾಲ್ಲೂಕಿನ ಪಂದ್ಯಗಳಲ್ಲಿ ಸೀಟಿ ಹಿಡಿದು ನಿಲ್ಲುವವರು ಬಹುಮಟ್ಟಿಗೆ ಯಾವುದೋ ಶಾಲೆಯ ಶಿಕ್ಷಕರೇ. ಬಿಸಿಲು ಮಳೆ ಎನ್ನದೆ ಬೆಳಗಿನಿಂದ ಸಂಜೆಯವರೆಗೆ ನಿಂತಿರುತ್ತಾರೆ. ಅವರ ಕಣ್ಣಿಗೂ ಒಮ್ಮೊಮ್ಮೆ ತಪ್ಪಬಹುದು. ನಮ್ಮ ಹೊಲದ ಬದುವನ್ನು ಅಳೆಯುವಾಗಲೂ ಗೇಣು ಆಚೀಚೆ ಆಗುವುದುಂಟು. ಅಷ್ಟಕ್ಕೇ ಅಳೆಯಲು ಬಂದವರ ಮೈಮೇಲೆ ಹೋಗುತ್ತೇವೆಯೇ?

ತೀರ್ಪಿನ ಬಗ್ಗೆ ಸಂಶಯವಿದ್ದರೆ ಕೇಳುವ ಹಕ್ಕು ತಂಡದ ನಾಯಕನಿಗೂ ಮಾಸ್ತರರಿಗೂ ಇದೆ. ಅವರು ಕೇಳಲಿ. ನಾವು ಗೆರೆ ದಾಟಿ ಒಳಗೆ ಹೋಗಿ ತೀರ್ಪುಗಾರರ ಮುಂದೆ ಕೈ ಬೀಸಿದರೆ ಮಕ್ಕಳು ಏನು ಕಲಿಯುತ್ತಾರೆ? ಸೋತಾಗ ನೆವ ಹುಡುಕಬೇಕು, ಗದ್ದಲ ಮಾಡಿದರೆ ನಿಯಮ ಬಾಗುತ್ತದೆ ಎಂಬುದನ್ನು ಕಲಿಯುತ್ತಾರೆ. ಆ ಪಾಠವನ್ನು ಯಾವ ಪುಸ್ತಕವೂ ಅಳಿಸಲಾರದು.

ಇದರ ಜೊತೆಗೇ ಇನ್ನೊಂದು ಮಾತು. ಪಂದ್ಯಗಳನ್ನು ವಯಸ್ಸು ನೋಡಿ ನಡೆಸುತ್ತಾರೆ. 14 ವರ್ಷದೊಳಗಿನವರದು ಒಂದು, 17 ವರ್ಷದೊಳಗಿನವರದು ಒಂದು. ದೊಡ್ಡ ಹುಡುಗನ ವಯಸ್ಸು ಮುಚ್ಚಿಟ್ಟು ಸಣ್ಣವರ ಗುಂಪಿನಲ್ಲಿ ಆಡಿಸಿ ಗೆಲ್ಲಿಸಿದರೆ ಅದು ಗೆಲುವಲ್ಲ, ಕಳವು. ಎದುರಿಗಿನ ಎಳೆಯ ಹುಡುಗನ ಕೈಕಾಲು ಮುರಿಯುವ ಭಯವೂ ಇದೆ. ತಂದೆಯೇ ಹೇಳಿ ಮಾಡಿಸಿದ ಸುಳ್ಳನ್ನು ಮಗನು ಸುಳ್ಳೆಂದು ಹೇಗೆ ತಿಳಿದಾನು?

ತೊಗರಿ ಮತ್ತು ಹೆಸರು

‘ಅವರ ಮಗ ಅಷ್ಟು ಓಡುತ್ತಾನೆ, ನೀನೇಕೆ ಓಡಲಾರೆ?’ ಎಂಬ ಮಾತು ನಮ್ಮ ಬಾಯಲ್ಲಿ ಬಹಳ ಸಲ ಬರುತ್ತದೆ. ಇದಕ್ಕೆ ಉತ್ತರ ನಮ್ಮ ಹೊಲದಲ್ಲಿಯೇ ಇದೆ. ತೊಗರಿಯ ಸಾಲುಗಳ ನಡುವೆ ಹೆಸರನ್ನೋ ಉದ್ದನ್ನೋ ಒಂದೇ ಹದಕ್ಕೆ ಬಿತ್ತುತ್ತೇವೆ. ಹೆಸರು ಎರಡು ಎರಡೂವರೆ ತಿಂಗಳಿಗೆ ಕೈಗೆ ಬರುತ್ತದೆ. ಆ ಹೊತ್ತಿಗೆ ತೊಗರಿ ಇನ್ನೂ ಹೂವು ಕಂಡಿರುವುದಿಲ್ಲ. ಅದು ಕೈಗೆ ಬರಲು ಐದಾರು ತಿಂಗಳು ಬೇಕು. ಅಷ್ಟಕ್ಕೇ ತೊಗರಿಯನ್ನು ಕಿತ್ತು ಬಿಸಾಡಿದ ರೈತನನ್ನು ನಾನಂತೂ ಕಂಡಿಲ್ಲ.

ಮಕ್ಕಳ ಮೈಯೂ ಹಾಗೆಯೇ. ಒಂದೇ ವಯಸ್ಸಿನ ಇಬ್ಬರು ಹುಡುಗರಲ್ಲಿ ಒಬ್ಬನು ಹನ್ನೆರಡಕ್ಕೇ ಎತ್ತರವಾಗುತ್ತಾನೆ, ಇನ್ನೊಬ್ಬನು ಹದಿನೈದಕ್ಕೆ ಬೆಳೆಯುತ್ತಾನೆ. ಹುಡುಗಿಯರು ಸಾಮಾನ್ಯವಾಗಿ ಹುಡುಗರಿಗಿಂತ ಒಂದೆರಡು ವರ್ಷ ಮೊದಲೇ ಬೆಳೆಯುತ್ತಾರೆ. ಇಂದು ಹಿಂದೆ ಬಿದ್ದವನು ನಾಳೆ ಮುಂದೆ ಬರಬಹುದು. ಬಾರದಿದ್ದರೂ ಆಡಿದ ಮೈ ಗಟ್ಟಿಯಾಗುತ್ತದೆ, ಹಸಿವಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ, ನಾಲ್ಕು ಮಂದಿಯೊಡನೆ ಕೂಡಿ ನಡೆಯುವುದು ತಿಳಿಯುತ್ತದೆ. ಪದಕ ಬಂದರೆ ಬರಲಿ. ಈ ಲಾಭಕ್ಕೆ ಪದಕ ಬೇಕಾಗಿಲ್ಲ.

ಸೋತ ಮಗುವಿಗೆ ಏನು ಹೇಳಬೇಕು?

ಸೋಲು ನಮ್ಮ ಮಕ್ಕಳಿಗಷ್ಟೇ ಬರುವುದಲ್ಲ. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಕೇರಳದ ಪಿ. ಟಿ. ಉಷಾ 400 ಮೀಟರು ಹರ್ಡಲ್ಸ್ ಓಟದಲ್ಲಿ ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ಕಂಚಿನ ಪದಕ ಕಳೆದುಕೊಂಡರು. ಕಣ್ಣು ಮಿಟುಕಿಸಲು ಬೇಕಾಗುವುದಕ್ಕಿಂತಲೂ ಕಡಿಮೆ ಹೊತ್ತು ಅದು. ಅವರು ಓಡುವುದನ್ನು ಬಿಡಲಿಲ್ಲ. ಮರುವರ್ಷವೇ ಜಕಾರ್ತದಲ್ಲಿ ನಡೆದ ಏಷ್ಯನ್ ಅಥ್ಲೆಟಿಕ್ಸ್ ಕೂಟದಲ್ಲಿ ಐದು ಚಿನ್ನ ಗೆದ್ದರು. ಸೋತ ದಿನವೇ ಕೊನೆಯ ದಿನವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಮಾತು ಬೇಕೇ?

ತಂದೆಯಾದವನು ಮಗನ ಸೋಲಿನಲ್ಲಿ ಹೇಗಿರಬೇಕೆಂಬುದಕ್ಕೂ ಒಂದು ಉದಾಹರಣೆ ಉಂಟು. 1992ರಲ್ಲಿ ಸ್ಪೇನ್ ದೇಶದ ಬಾರ್ಸಿಲೋನಾ ನಗರದ ಒಲಿಂಪಿಕ್ಸಿನಲ್ಲಿ ಇಂಗ್ಲೆಂಡಿನ ಡೆರೆಕ್ ರೆಡ್ಮಂಡ್ 400 ಮೀಟರು ಓಟದ ಉಪಾಂತ್ಯಕ್ಕೆ ನಿಂತಿದ್ದ. ಓಟದ ನಡುವೆಯೇ ಅವನ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಉಳಿದವರು ಓಟ ಮುಗಿಸಿದರು. ಅವನು ಅಳುತ್ತ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ ಮುಂದೆ ಸಾಗಿದ. ಆಗ ನೋಡುವವರ ಸಾಲಿನಿಂದ ಅವನ ತಂದೆ ಜಿಮ್ ಕಾವಲಿನವರನ್ನು ದಾಟಿ ಓಡಿ ಬಂದು ಮಗನ ತೋಳಿಗೆ ಹೆಗಲು ಕೊಟ್ಟ. ಇಬ್ಬರೂ ನಿಧಾನವಾಗಿ ನಡೆದು ಕೊನೆಯ ಗೆರೆಯ ವರೆಗೆ ಬಂದರು. ಹೊರಗಿನವರ ನೆರವು ಪಡೆದುದರಿಂದ ಅವನು ಓಟ ಮುಗಿಸಿದನೆಂದು ದಾಖಲೆಯಲ್ಲಿ ಬರೆಯಲಿಲ್ಲ. ಆದರೆ ಆ ಓಟದಲ್ಲಿ ಮೊದಲು ಬಂದವರು ಯಾರೆಂದು ಇಂದು ಕೆಲವರಷ್ಟೇ ಬಲ್ಲರು. ತಂದೆಮಗ ನಡೆದು ಬಂದದ್ದನ್ನು ಲೋಕವೇ ನೆನೆಯುತ್ತದೆ.

‘ಗೆರೆ ದಾಟಬೇಡಿರಿ ಎಂದು ಹೇಳುವ ನೀವೇ ಗೆರೆ ದಾಟಿದವನನ್ನು ಹೊಗಳುತ್ತೀರಲ್ಲ’ ಎಂದು ನೀವು ನಗಬಹುದು. ಜಿಮ್ ಗೆರೆ ದಾಟಿದ್ದು ಮಗನನ್ನು ಗೆಲ್ಲಿಸಲಿಕ್ಕಲ್ಲ, ತೀರ್ಪು ತಿರುಗಿಸಲಿಕ್ಕಲ್ಲ. ಗೆಲ್ಲುವ ಆಸೆ ಪೂರಾ ಹೋದ ಮೇಲೆ, ನೋವಿನಲ್ಲಿದ್ದ ಮಗನು ಒಬ್ಬನೇ ಆಗಬಾರದೆಂದು ದಾಟಿದ. ನಾವು ಗೆರೆ ದಾಟುವುದಿದ್ದರೆ ಆ ಒಂದೇ ಕಾರಣಕ್ಕೆ ದಾಟೋಣ.

ಸೋತು ಬಂದ ಮಗುವಿಗೆ ಆ ಹೊತ್ತಿನಲ್ಲಿ ಉಪದೇಶ ಬೇಡ. ಮೊದಲು ನೀರು ಕೊಡಿರಿ. ಬೆನ್ನ ಮೇಲೆ ಕೈ ಇಡಿರಿ. ಅದಕ್ಕೆ ಅಳು ಬಂದರೆ ಅಳಲಿ. ‘ನೀನು ಆಡುವುದನ್ನು ನೋಡಿ ನನಗೆ ಸಂತೋಷವಾಯಿತು’ ಎಂದಷ್ಟೇ ಹೇಳಿದರೆ ಸಾಕು. ಎಲ್ಲಿ ತಪ್ಪಿತು ಎಂಬುದನ್ನು ಮರುದಿನ ಮಾಸ್ತರರು ಹೇಳುತ್ತಾರೆ. ಮಗುವಿಗೂ ಗೊತ್ತಿರುತ್ತದೆ.

ನಮ್ಮ ನಮ್ಮ ತೊಡಕುಗಳು

ಬೀದರ ನಗರದವರ ತೊಡಕು ಒಂದು ಬಗೆ. ಅಲ್ಲಿ ಫೀ ಕಟ್ಟಿ, ಬ್ಯಾಟು ಬೂಟು ಕೊಡಿಸಿ ಮಕ್ಕಳನ್ನು ಆಟದ ಶಿಬಿರಕ್ಕೆ ಕಳಿಸುವವರಿದ್ದಾರೆ. ಒಳ್ಳೆಯದೇ. ಆದರೆ ಕಟ್ಟಿದ ಹಣಕ್ಕೆ ಲೆಕ್ಕ ಕೇಳುವಂತೆ ಮಗುವನ್ನು ಕೇಳಬಾರದು. ಆಟವನ್ನು ಮಗುವಿಗೆ ಕೊಡಿಸಿದ್ದೇವೆಯೇ ಹೊರತು ಸಾಲವಾಗಿ ಕೊಟ್ಟಿಲ್ಲ.

ಭಾಲ್ಕಿಯ ಕಡೆ ಓದಿನ ಚಿಂತೆ ಹೆಚ್ಚು. ಪಿಯುಸಿ, ನೀಟು ಎಂದು ಎಂಟನೆಯ ಇಯತ್ತೆಗೇ ಮಕ್ಕಳ ಆಟ ಬಿಡಿಸುತ್ತಾರೆ. ಹಿರಿಯರ ಆಸರೆ ಇದ್ದರೆ ಮಕ್ಕಳು ಎಂಥ ಕಷ್ಟದಲ್ಲಿಯೂ ಕಲಿಯುತ್ತಾರೆಂಬುದನ್ನು ಭಾಲ್ಕಿಯವರಿಗೆ ನಾನು ಹೇಳಬೇಕಾಗಿಲ್ಲ. ನಿಜಾಮರ ಆಳಿಕೆಯಲ್ಲಿ ಭಾಲ್ಕಿ ಹಿರೇಮಠದ ಡಾಕ್ಟರ್ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಅಲ್ಲಿ ಮನೆಮನೆಯ ಮಾತು. ಅದೇ ಆಸರೆ ಆಟಕ್ಕೂ ಇರಲಿ. ಸಂಜೆ ಒಂದು ತಾಸು ಆಡಿದ ಮಗು ರಾತ್ರಿ ಎರಡು ತಾಸು ಮನಸ್ಸಿಟ್ಟು ಓದಬಲ್ಲದು. ಇಡೀ ದಿನ ಕೂತ ಮಗುವಿಗೆ ಪುಸ್ತಕದ ಮುಂದೆ ಆಕಳಿಕೆ ಬರುತ್ತದೆ.

ಔರಾದದ ಕಡೆಯವರ ತೊಡಕು ಬೇರೆ. ಅಲ್ಲಿ ಪಂದ್ಯ ನೋಡಲು ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ತಂದೆ ದುಡಿಯಲು ಹೈದರಾಬಾದಿಗೋ ಪುಣೆಗೋ ಹೋಗಿರುತ್ತಾನೆ. ಇಂಥವರು ಮೈದಾನಕ್ಕೆ ಬರಲೇಬೇಕೆಂದು ನಾನು ಹೇಳಲಾರೆ. ಬರಲಾಗದಿದ್ದರೆ ಮಗುವಿನ ಮೇಲೆ ಪ್ರೀತಿ ಕಡಿಮೆ ಎಂದಲ್ಲ. ನಸುಕಿನಲ್ಲಿ ಎದ್ದು ಟೆಂಪೋ ಹತ್ತುವ ಮಗುವಿಗೆ ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ, ಒಂದು ಬಾಟಲಿ ನೀರು ಕಟ್ಟಿಕೊಡಿರಿ. ಹಸಿದ ಹೊಟ್ಟೆಯಲ್ಲಿ ಓಡಿದರೆ ತಲೆ ತಿರುಗುತ್ತದೆ. ರಾತ್ರಿ ಮನೆಗೆ ಬಂದಾಗ, ಇಲ್ಲವೆ ಫೋನಿನಲ್ಲಿ, ‘ಗೆದ್ದ್ಯೋ ಸೋತ್ಯೋ’ ಎಂದು ಮೊದಲು ಕೇಳಬೇಡಿರಿ. ‘ಆಟ ಹೆಂಗಾಯ್ತು? ಏನು ಕಲ್ತಿ?’ ಎಂದು ಕೇಳಿರಿ. ಗೆದ್ದಿದ್ದರೆ ಅದು ತಾನಾಗಿಯೇ ಹೇಳುತ್ತದೆ. ಸೋತಿದ್ದರೆ ಹೇಳಲು ಧೈರ್ಯ ಬರುತ್ತದೆ.

ಹೆಣ್ಣು ಮಕ್ಕಳನ್ನು ತಡೆಯಬೇಡಿರಿ

ಏಳನೆಯ, ಎಂಟನೆಯ ಇಯತ್ತೆ ದಾಟುತ್ತಲೇ ‘ಇನ್ನು ಆಟ ಸಾಕು’ ಎಂದು ಹುಡುಗಿಯರನ್ನು ಮನೆಯಲ್ಲಿ ಕೂಡಿಸುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದೇ ಮಾತನ್ನು ಎಲ್ಲ ತಂದೆತಾಯಿಗಳೂ ಹೇಳಿದ್ದರೆ 2025ರ ಜನವರಿಯಲ್ಲಿ ಏನಾಗುತ್ತಿತ್ತು, ನೋಡಿರಿ. ಆ ತಿಂಗಳು ದಿಲ್ಲಿಯಲ್ಲಿ ಖೋ ಖೋ ಆಟದ ಮೊದಲನೆಯ ವಿಶ್ವಕಪ್ ನಡೆಯಿತು. ಜನವರಿ 19ರಂದು ನಮ್ಮ ದೇಶದ ಹೆಣ್ಣು ಮಕ್ಕಳು ನೇಪಾಳವನ್ನು 78-40 ಅಂಕಗಳಿಂದ ಸೋಲಿಸಿ ಕಪ್ ಗೆದ್ದರು. ಗಂಡು ಮಕ್ಕಳ ತಂಡವೂ ಅದೇ ದಿನ ಗೆದ್ದಿತು. ಹೆಣ್ಣು ಮಕ್ಕಳ ಆ ತಂಡದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದಳು. ಕುರುಬೂರು ನಮ್ಮ ಊರುಗಳಂಥದೇ ಒಂದು ಹಳ್ಳಿ. ಖೋ ಖೋ ಆಟಕ್ಕೆ ಬೇಕಾಗುವುದು ಎರಡು ಕಂಬ, ಒಂದು ಬುಟ್ಟಿ ಸುಣ್ಣ, ಸಮನಾದ ನೆಲ. ಅದರ ಜೊತೆಗೆ ‘ಹೋಗು, ಆಡು’ ಎನ್ನುವ ಮನೆ. ಮೊದಲಿನ ಮೂರೂ ನಮ್ಮ ಶಾಲೆಗಳಲ್ಲಿ ಸಿಗುತ್ತವೆ. ನಾಲ್ಕನೆಯದನ್ನು ನಾವೇ ಕೊಡಬೇಕು.

ತಾಯಂದಿರಲ್ಲಿ ನನ್ನ ವಿಶೇಷ ವಿನಂತಿ. ನೀವು ಮೈದಾನಕ್ಕೆ ಬಂದು ಕೂತರೆ ಹುಡುಗಿಯರಿಗೆ ನೂರು ಚಪ್ಪಾಳೆಗಿಂತ ಹೆಚ್ಚಿನ ಬಲ ಬರುತ್ತದೆ. ನಾಲ್ಕು ಮಂದಿ ಕೂಡಿ ಬನ್ನಿರಿ.

ಊರಿನ ಜಗಳ ಮೈದಾನಕ್ಕೆ ಬೇಡ

1956ರ ನವೆಂಬರ್ 1ರಂದು ನಮ್ಮ ಬೀದರ ಭಾಗ ಹೈದರಾಬಾದು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯದ ಗೆರೆ ಬದಲಾಯಿತು, ಮನೆಮಾತುಗಳು ಹಾಗೆಯೇ ಉಳಿದವು. ಇಂದಿಗೂ ಔರಾದದಲ್ಲಾಗಲಿ ಭಾಲ್ಕಿಯಲ್ಲಾಗಲಿ ಒಂದೇ ಮೈದಾನದಲ್ಲಿ ಕನ್ನಡ, ಮರಾಠಿ, ಉರ್ದು ಶಾಲೆಯ ಮಕ್ಕಳು ಕೂಡಿ ಆಡುತ್ತಾರೆ. ಅಲ್ಲಲ್ಲಿ ತೆಲುಗು ಮಾತೂ ಕಿವಿಗೆ ಬೀಳುತ್ತದೆ. ‘ಖೋ’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ‘ಕಬಡ್ಡಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಮಕ್ಕಳಿಗೆ ಅಷ್ಟೇ ಸಾಕು.

ಗೆರೆಯ ಹೊರಗೆ ನಿಂತ ದೊಡ್ಡವರಿಗೆ ಮಾತ್ರ ಅದು ಸಾಲುವುದಿಲ್ಲ. ‘ಆ ಊರಿನವರು’, ‘ಆ ಜಾತಿಯವರು’, ‘ಆ ಮಾತಿನವರು’ ಎಂಬ ಸೊಲ್ಲು ಒಬ್ಬರ ಬಾಯಿಂದ ಬಿದ್ದರೆ ಸಾಕು, ಆಟ ಅಲ್ಲಿಗೆ ಕೆಟ್ಟಿತು. ಮಕ್ಕಳು ಸಂಜೆಗೆ ಮರೆಯುವ ಸೋಲನ್ನು ನಾವು ಸಂತೆಯ ವರೆಗೆ ಹೊತ್ತು ಒಯ್ಯುತ್ತೇವೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎದುರು ತಂಡದ ಮಗುವೂ ಯಾರದೋ ಮನೆಯ ಕೂಸು. ಅದರ ತಾಯಿಯೂ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು ಕಳಿಸಿದ್ದಾಳೆ. ಆ ಮಗು ಚೆನ್ನಾಗಿ ಆಡಿದರೆ ಅದಕ್ಕೂ ಚಪ್ಪಾಳೆ ತಟ್ಟಿರಿ. ಅದರಿಂದ ನಮ್ಮ ಊರಿನ ಮಾನ ಹೆಚ್ಚುತ್ತದೆ.

ಈಗ ಎಲ್ಲರ ಕೈಯಲ್ಲಿಯೂ ಮೊಬೈಲು ಬಂದಿದೆ. ಬಿದ್ದ ಮಗುವಿನ, ಅಳುವ ಮಗುವಿನ ಚಿತ್ರ ತೆಗೆದು ವಾಟ್ಸಾಪಿನಲ್ಲಿ ಹಂಚಿ ನಗಬೇಡಿರಿ. ಒಂದು ಗಳಿಗೆಯ ನಗೆ ನಮಗೆ, ವರ್ಷದ ಅವಮಾನ ಆ ಮಗುವಿಗೆ.

ಊರವರು ಕೂಡಿ ಮಾಡಬಹುದಾದ ಕೆಲಸ

2001ರಿಂದ ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ನಾವು ಎಸ್.ಡಿ.ಎಂ.ಸಿ. ಎಂದು ಕರೆಯುವ ಈ ಸಮಿತಿಯಲ್ಲಿ ಪಾಲಕರೇ ಸದಸ್ಯರು. ಪಂದ್ಯಕ್ಕೆ ಮೊದಲು ಒಂದು ಸಂಜೆ ಸಮಿತಿ ಕೂಡಿ ಈ ಕೆಲಸಗಳನ್ನು ಹಂಚಿಕೊಳ್ಳಬಹುದು.

ಒಂದನೆಯದು, ಆಟದ ಗೆರೆಯಿಂದ ಐದಾರು ಹೆಜ್ಜೆ ದೂರ ಹಗ್ಗ ಕಟ್ಟಿಸುವುದು. ನೋಡುವವರು ಹಗ್ಗದ ಹೊರಗೆ ನಿಲ್ಲಬೇಕು. ಎರಡನೆಯದು, ಎಲ್ಲರೂ ಮಾತು ಕೇಳುವಂಥ ಇಬ್ಬರು ಹಿರಿಯರನ್ನು, ಒಬ್ಬ ತಾಯಿಯನ್ನೂ ಒಬ್ಬ ತಂದೆಯನ್ನೂ, ಆ ದಿನಕ್ಕೆ ನೇಮಿಸುವುದು. ಯಾರಾದರೂ ಒದರಾಡಿದರೆ ಅವರು ಹೋಗಿ ಮೆಲ್ಲಗೆ ಕೈ ಹಿಡಿದು ಕೂಡಿಸಬೇಕು. ಮೂರನೆಯದು, ನೀರು. ಎರಡೂ ತಂಡಗಳಿಗೆ ಒಂದೇ ಕಡೆ ಶುದ್ಧ ನೀರು ಇಡುವುದು. ನಾಲ್ಕನೆಯದು, ಪೆಟ್ಟಿಗೆ ಮೊದಲ ಉಪಚಾರ. ಕಾಲು ಉಳುಕಿದರೆ ಎಣ್ಣೆ ಹಚ್ಚಿ ತಿಕ್ಕಬೇಡಿರಿ, ಎಳೆಯಬೇಡಿರಿ. ತಣ್ಣೀರಿನ ಬಟ್ಟೆಯನ್ನೋ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ಇಟ್ಟು ಕಾಲನ್ನು ಎತ್ತರಿಸಿ ವಿಶ್ರಾಂತಿ ಕೊಡಿರಿ. ತಲೆಗೆ ಜೋರಾಗಿ ಪೆಟ್ಟಾದ ಮಗುವನ್ನು ಆ ದಿನ ಮತ್ತೆ ಆಡಿಸಲೇಬಾರದು. ವಾಂತಿ, ಮಂಕು, ತಲೆಸುತ್ತು ಕಂಡರೆ ಕೂಡಲೇ ದವಾಖಾನೆಗೆ ಒಯ್ಯಬೇಕು. ಐದನೆಯದು, ಆಟ ಮುಗಿದ ಮೇಲೆ ಎರಡೂ ತಂಡದ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿ ಉಣಿಸುವುದು. ಒಟ್ಟಿಗೆ ಉಂಡವರು ಮರುವರ್ಷ ಗೆಳೆಯರಾಗಿ ಎದುರಾಗುತ್ತಾರೆ.

ಕೊನೆಯ ಮಾತು

ನನ್ನ ಮಗಳ ಕಥೆ ಅರ್ಧಕ್ಕೆ ನಿಂತಿದೆ. ಅವಳು ‘ಬರಬ್ಯಾಡ’ ಎಂದ ಮೇಲೆ ಮೂರು ದಿನ ನಾನು ಸುಮ್ಮನಿದ್ದೆ. ನಾಲ್ಕನೆಯ ದಿನ ಅವಳನ್ನು ಕರೆದು, “ಅವ್ವಾ, ಅವತ್ತ ನೀ ಎದ್ದದ್ದು ನನ್ನ ಕೂಗಿಗೆ. ತಪ್ಪು ನಂದು” ಎಂದೆ. ಹಿರಿಯನು ಕಿರಿಯಳ ಮುಂದೆ ತಪ್ಪು ಒಪ್ಪುವುದು ಕಷ್ಟದ ಕೆಲಸ. ನನ್ನ ನಾಲಿಗೆ ಒಣಗಿತ್ತು. ಅವಳು ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: “ಬಂದರ ಬಾ. ಆದರ ಒದರಬ್ಯಾಡ.”

ಮರುವರ್ಷದ ಪಂದ್ಯಕ್ಕೆ ಹೋದೆ. ಗೆರೆಯಿಂದ ದೂರ, ಬೇವಿನ ಗಿಡದ ಕೆಳಗೆ ನೀರಿನ ಕೊಡ ಇಟ್ಟುಕೊಂಡು ಕೂತೆ. ಬಾಯಿಗೆ ಬಂದ ಮಾತನ್ನು ಎಷ್ಟು ಸಲ ನುಂಗಿದೆನೋ ಲೆಕ್ಕವಿಲ್ಲ. ಆಟದ ನಡುವೆ ಒಮ್ಮೆ ಅವಳು ಬಿದ್ದಳು. ಎದ್ದು ನನ್ನ ಕಡೆ ನೋಡಿದಳು. ನಾನು ಕೈ ಎತ್ತಿದೆ, ಅಷ್ಟೇ. ಅವಳು ಮಣ್ಣು ಝಾಡಿಸಿಕೊಂಡು ಹೋಗಿ ಕೂತಳು. ಆ ವರ್ಷವೂ ಅವಳ ತಂಡ ಸೋತಿತು. ಆಟ ಮುಗಿದ ಮೇಲೆ ಅವಳು ನೇರವಾಗಿ ಬೇವಿನ ಗಿಡದ ಕೆಳಗೆ ಬಂದು, ಒಂದು ತಂಬಿಗೆ ನೀರು ಕುಡಿದು, ಯಾರು ಹೇಗೆ ಓಡಿದರು, ತಾನು ಎಲ್ಲಿ ತಡ ಮಾಡಿದೆ ಎಂಬುದನ್ನೆಲ್ಲ ಕೇಳದೆಯೇ ಹೇಳತೊಡಗಿದಳು. ಮನೆ ಮುಟ್ಟುವ ವರೆಗೂ ಮಾತು ನಿಲ್ಲಲಿಲ್ಲ. ನನಗೆ ಆ ದಿನ ಕಪ್ ಬಂದಷ್ಟೇ ಸಂತೋಷವಾಯಿತು.

ಬಂಧುಗಳೇ, ಮುಂದಿನ ಪಂದ್ಯಕ್ಕೆ ನೀವೂ ಬನ್ನಿರಿ. ನೀರು ತನ್ನಿರಿ, ರೊಟ್ಟಿ ತನ್ನಿರಿ, ಚಪ್ಪಾಳೆ ತನ್ನಿರಿ. ಸಿಟ್ಟನ್ನೂ ಊರ ಜಗಳವನ್ನೂ ಮನೆಯಲ್ಲಿಟ್ಟು ಬನ್ನಿರಿ. ಈ ಮಾತುಗಳನ್ನು ಪತ್ರಿಕೆಯಲ್ಲಿ ಓದಿದವರು ಓದು ಬಾರದ ನೆರೆಹೊರೆಯವರಿಗೆ ಓದಿ ಹೇಳಿರಿ. ಆಡುವ ಮಗು ತಿರುಗಿ ನೋಡಿದಾಗ ಅದಕ್ಕೆ ನಮ್ಮ ಮುಖದಲ್ಲಿ ಧೈರ್ಯ ಕಾಣಲಿ.